ಕೆಂಪು ಕಲ್ಲಿನ ಮೇಲೆ ಕಾರು

ನಿಲ್ಲಿ, ಒಂದು ಐದು ನಿಮಿಷ ಕಾರಿನಡಿಗೆ ಹೋಗ್ಬೇಡಿ. ಸ್ಪ್ಯಾನರು ಕೈಯಲ್ಲೇ ಇರ್ಲಿ, ಇದನ್ನೊಂದು ಓದಿ ಆಮೇಲೆ ಹೋಗಿ.

ನಾನು ಮೆಕ್ಯಾನಿಕ್ ಅಲ್ಲ, ಮೊದ್ಲೇ ಹೇಳ್ತೇನೆ. ನನ್ನ ಗುರುಗಳೆಲ್ಲ ಮೊಬೈಲಿನೊಳಗೆ ಇರುದು. ಅರ್ಧ ಜನ ಯಾವ ಭಾಷೆಯಲ್ಲಿ ಮಾತಾಡ್ತಾರೆ ಅಂತ ಕೂಡ ಗೊತ್ತಿಲ್ಲ, ಅವರ ಕೈ ಮಾತ್ರ ನೋಡುದು. ಬೆಟ್ಟಂಪಾಡಿಯಲ್ಲಿ ನಮ್ಮ ಅಂಗಳದಲ್ಲಿ ಒಂದು ಚಿಕ್ಕ ಹಳೆ ಕಾರು ಉಂಟು. ಅದರ ಹಾರನ್, ಲೈಟು, ವೈಪರ್ ಎಲ್ಲ ಬಿಚ್ಚಿ ಹಾಕಿ ಆಗಿತ್ತು. ಉಳಿದದ್ದು ಇಂಜಿನ್ ಆಯಿಲ್ ಬದಲಿಸುದು. ಅಮ್ಮನ ಶರತ್ತು ಒಂದೇ: "ಮೇಲಿಂದ ಎಂತ ಬೇಕಾದ್ರೂ ಬಿಚ್ಚು, ಅಡಿಗೆ ಮಾತ್ರ ಹೋಗ್ಬೇಡ." ಆದ್ರೆ ಆಯಿಲಿನ ನಟ್ಟು ಇರುದೇ ಅಡಿಯಲ್ಲಿ. ಅದನ್ನು ಮಾಡಿದವರು ನಮ್ಮಮ್ಮನನ್ನು ಕೇಳಿ ಮಾಡಿದ್ದಲ್ಲ.

ಎರಡು ದಿನ ಅಮ್ಮನ ಹಿಂದೆ ಮುಂದೆ ತಿರುಗಿದೆ. ಕಡೆಗೆ ಅಮ್ಮನೇ ಕೇಳಿದ್ರು, "ಜಾಕ್ ಜಾರಿದ್ರೆ?"

"ಜಾಕಿನ ಮೇಲೆ ಬಿಡುದಿಲ್ಲಮ್ಮ. ಕೆಂಪು ಕಲ್ಲು ಇಡ್ತೇನೆ."

"ಕಲ್ಲು ಇಡ್ತಿಯಾ? ಹಾಗಾದ್ರೆ ಅಡ್ಡಿಲ್ಲ."

ನೋಡಿ, ನಮ್ಮ ಊರಿನವರಿಗೆ ಕೆಂಪು ಕಲ್ಲು ಅಂದ್ರೆ ಅಷ್ಟು ನಂಬಿಕೆ. ಮನೆ ಅದರದ್ದೇ, ಬಾವಿಕಟ್ಟೆ ಅದರದ್ದೇ. ಬೆಂಚಿನ ಕಾಲು ಮುರಿದ್ರೆ ಒಂದು ಕಲ್ಲು, ನೀರಿನ ಡ್ರಮ್ಮು ವಾಲಿದ್ರೆ ಒಂದು ಕಲ್ಲು, ಬಾಗಿಲು ಗಾಳಿಗೆ ಬಡಿದ್ರೆ ಒಂದು ಕಲ್ಲು. ನೆಲದಿಂದ ಕೊಯ್ದು ತೆಗೆಯುವಾಗ ಮೆತ್ತಗೆ ಇರ್ತದೆ, ಗಾಳಿ ಬಿಸಿಲು ತಾಗಿದ ಹಾಗೆ ಗಟ್ಟಿಯಾಗ್ತದೆ. ಇಂಥ ಬುದ್ಧಿವಂತ ಕಲ್ಲು ಬೇರೆ ಎಲ್ಲುಂಟು ಹೇಳಿ. ಅದರ ಮೈಯೆಲ್ಲ ನೀರುದೋಸೆಯ ಹಾಗೆ ತೂತು ತೂತು ಅನ್ನುದು ಮಾತ್ರ ಆ ದಿನ ನನ್ನ ಕಣ್ಣಿಗೆ ಬೀಳ್ಲಿಲ್ಲ.

ಮುಂದಿನ ಎರಡೂ ಬದಿ ಎತ್ತಿ, ಎರಡೆರಡು ಕಲ್ಲು ಪೇರಿಸಿ, ಕಾರನ್ನು ಅದರ ಮೇಲೆ ಇಳಿಸಿದೆ. ಅಡಿಯಲ್ಲಿ ಚಾಪೆ ಹಾಸಿ ಆಯ್ತು. ಮಲಗಿ ತಲೆ ಒಳಗೆ ಹಾಕ್ಬೇಕು, ಅಷ್ಟರಲ್ಲಿ ಗೇಟಿನ ಹತ್ತಿರ ಕೆಮ್ಮಿದ ಶಬ್ದ. ಪಕ್ಕದ ಮನೆ ಇಬ್ರಾಯಿಚ್ಚ. ಅವರು ಇಪ್ಪತ್ತು ವರ್ಷ ದುಬೈಯಲ್ಲಿ ಗ್ಯಾರೇಜು ಕೆಲಸ ಮಾಡಿ ಬಂದವರು. ಈಗ ಕೋಳಿ ಸಾಕ್ತಾರೆ.

"ಎಂತ ಮೋನೆ, ಕಾರಿಗೆ ಮನೆ ಕಟ್ತಾ ಇದ್ದಿಯಾ?"

"ಆಯಿಲ್ ಬದಲಿಸುದು ಇಬ್ರಾಯಿಚ್ಚ. ಕಲ್ಲು ಗಟ್ಟಿ ಉಂಟು. ನಮ್ಮ ಇಡೀ ಮನೆ ನಿಂತದ್ದು ಇದರ ಮೇಲೆಯೇ."

"ಹೌದಾ. ಎದ್ದು ಈಚೆ ಬಾ."

ನಾನು ಎದ್ದು ಬಂದೆ. ಅವರು ಲುಂಗಿ ಎತ್ತಿ ಕಟ್ಟಿ, ಬಾಗಿಲಿನ ಬದಿಗೆ ಸೊಂಟ ಕೊಟ್ಟು ಕಾರನ್ನು ದೂಡಿದ್ರು. ಒಂದು ಸಲ, ಏನೂ ಆಗ್ಲಿಲ್ಲ. ನಾನು ನಗಾಡಿದೆ. ಎರಡನೇ ಸಲ 'ಟಕ್' ಅಂತ ಸಣ್ಣ ಶಬ್ದ, ರಸ್ಕ್ ಮುರಿದ ಹಾಗೆ. ಮತ್ತೆ ಕಾರಿನ ಮೂತಿ ದಡಕ್ಕನೆ ಕೂತಿತು. ಚಾಪೆ ಅಡಿಯಲ್ಲಿ. ಚಾಪೆಯ ಮೇಲೆ ಕಲ್ಲಿನ ಕೆಂಪು ಹುಡಿ, ನನ್ನ ಎದೆ ಬರ್ಬೇಕಾದ ಜಾಗದಲ್ಲೇ.

ಇಬ್ರಾಯಿಚ್ಚ ಬೈಲಿಲ್ಲ. "ಮನೆಯ ಭಾರ ಗೋಡೆ ಇಡೀ ಹಂಚಿ ಹೋಗ್ತದೆ ಮಾರಾಯ. ಕಾರಿನದ್ದು ಒಂದು ಕಬ್ಬಿಣದ ಅಂಚಿನ ಮೇಲೆ. ಮತ್ತೆ ಮನೆಯ ನಟ್ಟು ಯಾರೂ ಬಿಚ್ಚುದಿಲ್ಲ. ನೀನು ಸ್ಪ್ಯಾನರು ಹಾಕಿ ಎಳಿವಾಗ ಕಾರು ಅಲ್ಲಾಡ್ತದೆ" ಅಂದ್ರು.

ನಾನು ತಿರುಗಿ ನೋಡಿದ್ರೆ ಅಮ್ಮ ಜಗಲಿಯಲ್ಲಿ. ಎಲ್ಲ ನೋಡಿದ್ದಾರೆ. ಬಂದು ಕಾರಿನ ಕೀ ತೆಗೆದು ಒಳಗೆ ಹೋದ್ರು, ಅಕ್ಕಿ ಡಬ್ಬದ ಮುಚ್ಚಳದ ಶಬ್ದ ಕೇಳಿತು. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು ಅಂತ ಲೆಕ್ಕ.

ಮರುದಿನ ದರ್ಬೆ ಪೇಟೆಗೆ ಹೋಗಿ ಎರಡು ಜಾಕ್ ಸ್ಟ್ಯಾಂಡ್ ತಂದೆ. ಕಾಲು ಅಗಲ ಮಾಡಿ ನಿಂತ ಕಬ್ಬಿಣದ ಕುಳ್ಳರು, ಎಷ್ಟು ಭಾರ ಹೊರ್ತಾರೆ ಅಂತ ಮೈಮೇಲೆ ಬರ್ದುಂಟು. ಜಾಕ್ ಎತ್ತುವವ, ಸ್ಟ್ಯಾಂಡ್ ಹೊರುವವ. ಎತ್ತುವವನ ಕೈಯಲ್ಲಿ ಹೊರಿಸ್ಬಾರ್ದು, ಇದು ಮದುವೆ ಮನೆಯಲ್ಲೂ ನಿಜ. ಮಣ್ಣಿನ ಅಂಗಳ ಬಿಟ್ಟು ಸಿಮೆಂಟು ಹಾಕಿದ ಸಮತಟ್ಟು ಜಾಗಕ್ಕೆ ಕಾರು ತಂದೆವು. ತಂದದ್ದು ಹೇಗೆ ಅಂದ್ರೆ, ಕೀ ಡಬ್ಬದಲ್ಲಿ, ಹಾಗಾಗಿ ಇಬ್ರಾಯಿಚ್ಚ ಮತ್ತು ನಾನು ದೂಡಿಕೊಂಡು. ಹ್ಯಾಂಡ್ ಬ್ರೇಕ್, ಗೇರ್, ಕಾರಿನ ಪುಸ್ತಕದಲ್ಲಿ ತೋರಿಸಿದ ದಪ್ಪ ಜಾಗಕ್ಕೆ ಸ್ಟ್ಯಾಂಡ್, ಸ್ಟ್ಯಾಂಡಿನ ಪಿನ್ನು ಪೂರ್ತಿ ಒಳಗೆ. ಸ್ಟೆಪ್ನಿಯನ್ನು ಕೂಡ ಅಡಿಗೆ ನೂಕಿಟ್ಟೆ, ಎಲ್ಲ ಕೈಕೊಟ್ರೆ ಅದಾದ್ರೂ ಇರ್ಲಿ ಅಂತ. ಉಳಿದ ಕೆಂಪು ಕಲ್ಲಿಗೂ ಬೇಜಾರು ಮಾಡ್ಲಿಲ್ಲ, ಹಿಂದಿನ ಚಕ್ರ ಉರುಳದ ಹಾಗೆ ಅಡ್ಡ ಇಟ್ಟೆ. ಆ ಕೆಲಸಕ್ಕೆ ಅದು ಅಡ್ಡಿಲ್ಲ.

ಆಮೇಲೆ ಅಮ್ಮನನ್ನು ಕರೆದೆ. "ನೀವೇ ದೂಡಿ ನೋಡಿ."

ಅಮ್ಮ ಸೆರಗು ಸಿಕ್ಕಿಸಿ ಒಂದು ಬದಿಯಿಂದ ದೂಡಿದ್ರು. ಇನ್ನೊಂದು ಬದಿಗೆ ಬಂದು ದೂಡಿದ್ರು. ಮುಂದಿನಿಂದ, ಹಿಂದಿನಿಂದ. ಕಡೆಗೆ ಬಂಪರಿನ ಮೇಲೆ ಕೂತು ಎರಡು ಸಲ ಕುಣಿದ್ರು. ಕಾರು ಅಲ್ಲಾಡ್ಲಿಲ್ಲ.

"ಅಮ್ಮ, ಬಂಪರು ಹೋಗ್ತದೆ."

"ಬಂಪರು ಹೋದ್ರೆ ಹೊಸದು ಸಿಗ್ತದೆ" ಅಂದ್ರು. ಮತ್ತೆ ಆ ಚಾಪೆಯನ್ನು ಕೊಡವಿ, ಅವರೇ ತಂದು ಅಡಿಗೆ ಹಾಸಿದ್ರು.

ಈಗಲೂ ಹಾಗೆಯೇ. ಎಲ್ಲ ಸರಿ ಇಟ್ಟ ಮೇಲೆ ನಾನು ಅಮ್ಮನನ್ನು ಕರೆಯುದು, ಅವರು ಅಡುಗೆ ಕೈ ಒರೆಸಿಕೊಂಡು ಬಂದು ದೂಡುದು. ಅವರು "ಹೂಂ" ಅನ್ನದೆ ನಾನು ಅಡಿಗೆ ಹೋಗುದಿಲ್ಲ. ಸ್ಟ್ಯಾಂಡು ಎಷ್ಟು ಭಾರ ಹೊರ್ತದೆ ಅಂತ ಅದರ ಮೈಮೇಲೆ ಬರ್ದುಂಟು. ಅಮ್ಮನ ಮೇಲೆ ಎಂತದೂ ಬರ್ದಿಲ್ಲ.

ನೀವು ಕಾರಿನಡಿಗೆ ಎಂತ ಇಡ್ತೀರಿ, ಅದನ್ನು ದೂಡಿ ನೋಡ್ಲಿಕ್ಕೆ ನಿಮ್ಮಲ್ಲಿ ಯಾರು ಬರುದು? ಕೆಳಗೆ ಬರೀರಿ ಮಾರಾಯ್ರೆ. ನಾನು ಓದ್ತೇನೆ, ಅಮ್ಮನಿಗೂ ಓದಿ ಹೇಳ್ತೇನೆ.