ಕೆಂಪನ ತಂಗಿ

ಸಿ.ಡಿ. ಚೀಲದ ಜಿಪ್ಪು ಎಳೆದಾಗ ಮೊದಲು ಬಂದದ್ದು ಊದುಬತ್ತಿಯ ವಾಸನೆ. ಅದರ ಹಿಂದೆಯೇ ಹಳೆಯ ರೆಕ್ಸಿನ್ನಿನದು, ಅದರಡಿಯಲ್ಲೆಲ್ಲೋ ತೀರಾ ತೆಳ್ಳಗೆ ದನದ ಕೊಟ್ಟಿಗೆಯದು. ಇಷ್ಟು ವರ್ಷದ ಮೇಲೂ ಒಂದು ಚೀಲದೊಳಗೆ ಕೊಟ್ಟಿಗೆಯ ವಾಸನೆ ಉಳಿದಿರುತ್ತದೆಯೇ ಎಂದು ನೀವು ಕೇಳಬಹುದು. ನನಗೂ ಪೂರ್ತಿ ನಂಬಿಕೆಯಿಲ್ಲ. ಆದರೆ ಆ ಭಾನುವಾರ ಮಧ್ಯಾಹ್ನ, ಎಲೆಕ್ಟ್ರಾನಿಕ್ ಸಿಟಿಯ ಹಿಂದಿನ ನನ್ನ ಬಾಡಿಗೆ ಮನೆಯಲ್ಲಿ, ಬಟ್ಟೆ ಬೀರುವಿನ ಮುಂದೆ ನೆಲದ ಮೇಲೆ ಕೂತು ಆ ಚೀಲ ತೆರೆದಾಗ, ಬೇಗೂರಿನ ನಮ್ಮ ಹಳೆಯ ಮನೆ ಒಂದು ಗಳಿಗೆ ನನ್ನ ಸುತ್ತ ಎದ್ದು ನಿಂತಿತು. ಮನೆ ಕೆಡವುವ ಮುಂಚೆ ಚಿಕ್ಕಮ್ಮ ಅಟ್ಟದಿಂದ ಇಳಿಸಿ ನನಗೆ ಕೊಟ್ಟ ಚೀಲ ಅದು. ನಾನು ಇಟ್ಟುಕೊಂಡು ಏನು ಮಾಡಲಿ, ನಿನ್ನ ಹತ್ತಿರವೇ ಇರಲಿ ಎಂದಿದ್ದಳು. ಒಳಗಿದ್ದವು ನಮ್ಮ ಚಿಕ್ಕಪ್ಪನ ವಿಡಿಯೋ ಗೇಮುಗಳು. ಆಡಿದ್ದು ಕೆಲವು, ಅರ್ಧಕ್ಕೆ ನಿಂತದ್ದು ಒಂದು, ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಾರದವು ಬಹಳ. ನಾನು ಅದನ್ನು ವರ್ಷಗಟ್ಟಲೆ ತೆರೆದಿರಲಿಲ್ಲ.

ಚಿಕ್ಕಪ್ಪನ ಹೆಸರು ಮುನಿರಾಜು. ಅಪ್ಪನಿಗೆ ಒಬ್ಬನೇ ತಮ್ಮ. ಅಪ್ಪ ಓದಿ ನೌಕರಿ ಹಿಡಿದರೆ, ಚಿಕ್ಕಪ್ಪ ಏಳನೇ ಕ್ಲಾಸಿಗೆ ಪುಸ್ತಕ ಚೀಲ ಎಲ್ಲ ಬಿಟ್ಟು ದನಗಳ ಹಿಂದೆ ಹೋದವನು. ಮನೆಯ ದನಗಳೆಲ್ಲ ಅವನ ಮಾತನ್ನೇ ಕೇಳುತ್ತಿದ್ದವು. ಊರಿನ ಸುತ್ತ ಲೇಔಟುಗಳು ಬಂದಾಗ ತಾತ ಕೆರೆ ಕಡೆಯ ಹೊಲ ಮಾರಿದರು. ಹೊಲದ ಹಿಂದೆಯೇ ಮೇವೂ ಹೋಯಿತು. ಮೇವಿಲ್ಲದ ಮೇಲೆ ದನಗಳನ್ನು ಒಂದೊಂದಾಗಿ ಆನೇಕಲ್ ಕಡೆಯ ನೆಂಟರ ಮನೆಗಳಿಗೆ ಹೊಡೆದುಕೊಂಡು ಹೋದರು. ಕೊನೆಯ ಹಸು ಹೋದ ಮೇಲೆ ಚಿಕ್ಕಪ್ಪ ಬೆಳಗಿನ ಜಾವಕ್ಕೇ ಎದ್ದು, ಮಾಡಲು ಏನೂ ಕೆಲಸವಿಲ್ಲದೆ ಖಾಲಿ ಕೊಟ್ಟಿಗೆಯ ಬಾಗಿಲಲ್ಲಿ ಬೀಡಿ ಸೇದುತ್ತಾ ಕೂತಿರುತ್ತಿದ್ದನಂತೆ. ಆಗ ಬೊಮ್ಮನಹಳ್ಳಿಯಲ್ಲಿ ಯಾರದೋ ಅಂಗಡಿಯಲ್ಲಿ ಮಕ್ಕಳು ಟೀವಿಯ ಮುಂದೆ ಮೈಮರೆತು ಆಡುವುದನ್ನು ನೋಡಿ ಬಂದ. ಕೊಟ್ಟಿಗೆಗೆ ಗಾರೆ ಹಾಕಿಸಿ, ಸುಣ್ಣ ಬಳಿಸಿ, ಹಸುಗಳಿಗೆ ಮೇವು ಹಾಕುತ್ತಿದ್ದ ಕಲ್ಲಿನ ಗೋದಲಿಯ ಮೇಲೆ ಹಲಗೆ ಹೊದಿಸಿ ಎರಡು ಟೀವಿ ಇಟ್ಟ. ಬಾಗಿಲ ಮೇಲೆ ತಾನೇ ಬಣ್ಣದಲ್ಲಿ ‘ವಿಡಿಯೋ ಗೇಮ್’ ಎಂದು ಬರೆದ. ದಿನಾ ಬೆಳಿಗ್ಗೆ ಆ ಬೂದು ಬಣ್ಣದ ಗೇಮ್ ಪೆಟ್ಟಿಗೆಗಳಿಗೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಬೆಳಗುತ್ತಿದ್ದ. ಗಾರೆಯ ನೆಲಕ್ಕೆ ಎಷ್ಟು ಫಿನಾಯಿಲು ಸುರಿದರೂ ಮಳೆ ಬಂದ ದಿನ ಗೋಡೆಯೊಳಗಿಂದ ಗಂಜಲದ ವಾಸನೆ ಮೆಲ್ಲಗೆ ಹೊರಗೆ ಬರುತ್ತಿತ್ತು. ಟೀವಿ ಬಿಸಿಯಾದಾಗಿನ ಧೂಳಿನ ವಾಸನೆ ಅದರೊಂದಿಗೆ ಬೆರೆಯುತ್ತಿತ್ತು. ನನ್ನ ಬಾಲ್ಯಕ್ಕೆ ಒಂದು ವಾಸನೆ ಇದ್ದರೆ ಅದು ಅದೇ.

ಅಂಗಡಿಗೆ ಬರುವ ಹುಡುಗರಿಗೆ ಬೇಕಿದ್ದದ್ದು ಕ್ರಿಕೆಟ್ಟು, ಕಾರು ರೇಸು, ಹೊಡೆದಾಟ. ಚಿಕ್ಕಪ್ಪ ಪೇಟೆಗೆ ಹೋಗಿ ಅವನ್ನೆಲ್ಲ ತರುತ್ತಿದ್ದ. ಆದರೆ ಪ್ರತಿ ಸಲವೂ ಅವುಗಳ ಜೊತೆ ಯಾರೂ ಕೇಳದ ಒಂದೆರಡು ಸಿ.ಡಿ.ಗಳೂ ಬರುತ್ತಿದ್ದವು. ಅವನ್ನು ಅವನು ಕವರಿನ ಚಿತ್ರ ನೋಡಿ ಆರಿಸುತ್ತಿದ್ದ. ಬೆಟ್ಟದ ತುದಿಯಲ್ಲಿ ಒಬ್ಬನೇ ನಿಂತ ಯೋಧ, ಹಡಗು, ಹಿಮದಲ್ಲಿ ದೀಪ ಹಿಡಿದ ಮುದುಕಿ. ಅವು ಕಥೆಯ ಆಟಗಳು. ಅವುಗಳಲ್ಲಿ ಓಡುವುದಕ್ಕಿಂತ ಓದುವುದೇ ಹೆಚ್ಚು, ಅದೂ ಇಂಗ್ಲಿಷಿನಲ್ಲಿ. ಹುಡುಗರು ಎರಡು ನಿಮಿಷ ಒತ್ತಿ ನೋಡಿ, ಬೋರು ಗುರು ಎಂದು ಬದಲಾಯಿಸಿಬಿಡುತ್ತಿದ್ದರು. ಚಿಕ್ಕಪ್ಪ ಬೇಜಾರು ಮಾಡಿಕೊಳ್ಳದೆ ಅವನ್ನು ಈ ರೆಕ್ಸಿನ್ ಚೀಲಕ್ಕೆ ಸೇರಿಸುತ್ತಿದ್ದ. ಅಂಗಡಿಯವಲ್ಲ, ಇವು ಮನೆಯವು, ಮುಂದೆ ಎಂದಾದರೂ ಆಡಿದರಾಯಿತು ಎನ್ನುತ್ತಿದ್ದ. ಅವನು ಕಾಯುತ್ತಿದ್ದದ್ದು ನಾನು ಓದುವಷ್ಟು ದೊಡ್ಡವಳಾಗಲಿ ಎಂದು. ನಮ್ಮ ಮನೆಯಿಂದ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಹತ್ತಿದ ಮೊದಲನೆಯವಳು ನಾನು.

ಆರನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಒಂದು ದಿನ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಅವನು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಪರದೆಯ ಮೇಲೆ ಹರಿದ ಕೆಂಪು ಶಾಲು ಹೊದ್ದ ಒಬ್ಬ ಹುಡುಗ ಮರಳಿನ ಬಯಲಿನಲ್ಲಿ ನಿಂತಿದ್ದ. ಅವನ ತಲೆಯ ಮೇಲೆ ಸಾಲು ಸಾಲು ಅಕ್ಷರ.

“ಓದವ್ವ ರೂಪಿ. ಏನಂತೆ ಇವ್ನ ಕಷ್ಟ?”

ನನಗೆ ಅರ್ಥವಾದದ್ದು ಮೂರು ನಾಲ್ಕು ಪದ. ಕಳೆದುಹೋದ, ಮನೆ, ಕಾಯು. ಅಷ್ಟನ್ನೇ ಹಿಡಿದು, ಚಿಕ್ಕಪ್ಪನ ಮುಖ ನೋಡುತ್ತಾ, ಇವನ ತಂಗಿ ಕಳೆದುಹೋಗಿದ್ದಾಳಂತೆ, ಅವಳನ್ನು ಹುಡುಕಿಕೊಂಡು ಹೊರಟಿದ್ದಾನಂತೆ ಎಂದೆ. ಚಿಕ್ಕಪ್ಪ ಬೀಡಿ ಆರಿಸಿದ. ಅಂಗಾರೆ ನಡಿ ಹುಡುಕೋಣ ಎಂದು ನೆಟ್ಟಗೆ ಕೂತ. ಹುಡುಗನಿಗೆ ಕೆಂಪ ಎಂದು ಹೆಸರಿಟ್ಟವನೂ ಅವನೇ.

ಆ ರಜೆಯಿಡೀ ನಾವು ಕೆಂಪನ ಹಿಂದೆ ನಡೆದೆವು. ಚಿಕ್ಕಪ್ಪ ಆಡುವಾಗ ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿಯುತ್ತಿದ್ದ. ಹಾಲು ಕರೆದು ಕರೆದು ದಪ್ಪಗಾದ ಅವನ ಬೆರಳುಗಳು ಆ ಸಣ್ಣ ಗುಂಡಿಗಳ ಮೇಲೆ ಬಹಳ ಮೆತ್ತಗೆ ಓಡಾಡುತ್ತಿದ್ದವು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಅವನು ಮಾತಾಡಿಸುತ್ತಿದ್ದ. ಬಾವಿಯ ಹತ್ತಿರದ ಹೆಂಗಸು, ಸಂತೆಯ ವ್ಯಾಪಾರಿ, ದೋಣಿ ನಡೆಸುವ ಮುದುಕ, ಯಾರನ್ನೂ ಬಿಡುತ್ತಿರಲಿಲ್ಲ. ಮಾತಾಡಿಸದೆ ಹೋದರೆ ಏನಂದುಕೊಳ್ಳುತ್ತಾರೆ ಎನ್ನುತ್ತಿದ್ದ. ಅವರ ಮಾತನ್ನೆಲ್ಲ ನಾನು ಬೇಗೂರಿನ ಮಾತಿಗೆ ತಿರುಗಿಸಬೇಕು. ಗೊತ್ತಾದದ್ದನ್ನು ಹೇಳುತ್ತಿದ್ದೆ, ಗೊತ್ತಾಗದ ಕಡೆ ತಂಗಿಯನ್ನು ತಂದು ನಿಲ್ಲಿಸುತ್ತಿದ್ದೆ. ಇಲ್ಲಿ ನೀರು ಕುಡಿದು ಹೋದಳಂತೆ, ಬೆಟ್ಟದ ಕಡೆ ಹೋದಳಂತೆ, ಕಾಲಿಗೆ ಮುಳ್ಳು ಚುಚ್ಚಿತ್ತಂತೆ. ಮುಳ್ಳಿನ ಮಾತು ಕೇಳಿ ಚಿಕ್ಕಪ್ಪ ನಿಜವಾಗಿಯೂ ನೊಂದುಕೊಂಡ. ಕರೆಂಟು ಹೋದಾಗ ನಾವು ಕತ್ತಲಾದ ಪರದೆಯ ಮುಂದೆಯೇ ಕೂತು, ಅವಳು ಈಗ ಎಲ್ಲಿರಬಹುದು ಎಂದು ಮಾತಾಡಿಕೊಳ್ಳುತ್ತಿದ್ದೆವು.

ಚಿಕ್ಕಮ್ಮನಿಗೆ ಇದು ಒಂದಿಷ್ಟೂ ಹಿಡಿಸುತ್ತಿರಲಿಲ್ಲ. ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ಆ ನೋವನ್ನು ಅವಳು ಕೆಲಸದಲ್ಲಿ ಮುಚ್ಚಿಡುತ್ತಿದ್ದಳು, ಯಾವಾಗಲೂ ಏನಾದರೂ ಬೀಸುತ್ತಾ, ಕೇರುತ್ತಾ, ಉಜ್ಜುತ್ತಾ ಇರುತ್ತಿದ್ದಳು. ಹಸು ಇದ್ದ ಜಾಗದಲ್ಲಿ ಗೊಂಬೆ ಕುಣಿಸುತ್ತಾ ಕೂರುವ ಗಂಡ ಅವಳಿಗೆ ಒಗಟಾಗಿದ್ದ. ಕಾಫಿ ತಂದರೆ ಹೊಸ್ತಿಲಿನಾಚೆಯೇ ಲೋಟ ಇಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಟುಬಿಡುತ್ತಿದ್ದಳು. ಒಂದು ದಿನವೂ ಒಳಗೆ ಬಂದು ಪರದೆಯ ಕಡೆ ನೋಡಿದ್ದನ್ನು ನಾನು ಕಂಡಿಲ್ಲ.

ಆಮೇಲೆ ಶಾಲೆ, ಟ್ಯೂಷನ್ನು, ಪರೀಕ್ಷೆ. ಆಟ ಭಾನುವಾರಕ್ಕೆ ಸರಿಯಿತು, ಆಮೇಲೆ ಹಬ್ಬಕ್ಕೆ. ಅಷ್ಟರಲ್ಲಿ ಹುಡುಗರ ಮನೆಗಳಿಗೇ ಕಂಪ್ಯೂಟರ್ ಬಂತು, ಕೈಗೆ ಫೋನು ಬಂತು. ಅಂಗಡಿಗೆ ಬರುವವರು ಕಡಿಮೆಯಾದರು. ಚಿಕ್ಕಪ್ಪ ಒಬ್ಬನೇ ಕೂತಿರುವಾಗಲೂ ನಮ್ಮ ಆಟವನ್ನು ಮುಂದಕ್ಕೆ ಆಡುತ್ತಿರಲಿಲ್ಲ. ಹಿಂದೆ ನಡೆದ ದಾರಿಯಲ್ಲೇ ಕೆಂಪನನ್ನು ಅತ್ತಿತ್ತ ಓಡಾಡಿಸುತ್ತಿದ್ದನಂತೆ. ನಾನು ಹತ್ತನೇ ಕ್ಲಾಸಿಗೆ ಬಂದಾಗ ಅವನ ಕಾಲು ಊದತೊಡಗಿತು. ಕಿಡ್ನಿ ಎರಡೂ ಹೋಗಿವೆ ಎಂದರು. ರಕ್ತ ಶುದ್ಧಿ ಮಾಡಿಸಲು ಆಸ್ಪತ್ರೆಗೆ ಓಡಾಟ ಶುರುವಾಯಿತು. ಅಂಗಡಿಗೆ ಬೀಗ ಬಿತ್ತು. ಅಪ್ಪ ಒಂದು ಟೀವಿಯನ್ನೂ ಗೇಮ್ ಪೆಟ್ಟಿಗೆಯನ್ನೂ ನಡುಮನೆಗೆ ತಂದು ಅವನ ಮಂಚದ ಎದುರಿಗೆ ಇಟ್ಟರು. ಸೂಜಿ ಚುಚ್ಚಿ ಚುಚ್ಚಿ ಅವನ ಎಡಗೈ ನೀಲಿಗಟ್ಟಿತ್ತು. ಆಡುವುದು ನನ್ನ ಪಾಲಿಗೆ ಬಂತು, ನೋಡುವುದು ಅವನ ಪಾಲಿಗೆ.

ಆಗ ನನ್ನ ಇಂಗ್ಲಿಷ್ ಸುಧಾರಿಸಿತ್ತು. ನಾಲ್ಕು ಪುಟ ಓದುವಷ್ಟರಲ್ಲಿ ನನಗೆ ಗೊತ್ತಾಯಿತು: ಆ ಕಥೆಯಲ್ಲಿ ತಂಗಿ ಎಂಬವಳೇ ಇಲ್ಲ. ಕೆಂಪ ಕೂಲಿಗೆ ಕಾದುವ ಸಿಪಾಯಿ. ಯುದ್ಧದಲ್ಲಿ ನೆನಪು ಕಳೆದುಕೊಂಡವನು ತನ್ನ ಊರು ಯಾವುದೆಂದು ಹುಡುಕುತ್ತಿದ್ದಾನೆ, ಅಷ್ಟೆ. ನಾನು ಅದನ್ನು ಹೇಳಲಿಲ್ಲ. ಆಸ್ಪತ್ರೆಯಿಂದ ಬಂದ ದಿನ, ಸುಸ್ತಿನಲ್ಲಿ ಕಣ್ಣು ಮುಚ್ಚಿಕೊಂಡೇ ಅವನು ಕೇಳುತ್ತಿದ್ದದ್ದು ಒಂದೇ, ತಂಗಿ ಸಿಕ್ಕಿದಳಾ ಎಂದು. ಇಲ್ಲ ಚಿಕ್ಕಪ್ಪ, ಹತ್ತಿರ ಬಂದಿದ್ದೀವಿ ಎನ್ನುತ್ತಿದ್ದೆ.

ಒಂದು ಸಂಜೆ ಆಟದಲ್ಲಿ ಆ ದೋಣಿಯ ಮುದುಕ ಸತ್ತ. ಚಿಕ್ಕಪ್ಪನಿಗೆ ಬಹಳ ಬೇಕಾದವನು ಅವನು, ಹೊಳೆ ದಾಟುವಾಗಲೆಲ್ಲ ಅವನ ದೋಣಿಯೇ ಆಗಬೇಕಿತ್ತು. ಪರದೆಯ ಮೇಲೆ ಮುದುಕ ದೋಣಿಯಲ್ಲಿ ಒರಗಿದ, ಸಂಗೀತ ನಿಧಾನವಾಯಿತು, ಅಕ್ಷರಗಳು ಒಂದೊಂದೇ ಮೂಡಿದವು. ನಿದ್ದೆ ಮಾಡ್ತಾವನೆ ಎಂದು ಹೇಳಲು ಬಾಯಿ ತೆರೆದೆ. ಚಿಕ್ಕಪ್ಪ ಪರದೆಯನ್ನೇ ನೋಡುತ್ತಿದ್ದ.

“ಬಿಡವ್ವ, ಓದ್ಬೇಡ,” ಎಂದ. “ನಂಗ್ ಗೊತ್ತಾಯ್ತು.”

ಕೆಂಪನನ್ನು ಅಲ್ಲೇ ದೋಣಿಯ ಹತ್ತಿರ ಒಂದಿಷ್ಟು ನಿಲ್ಲಿಸು ಎಂದ. ನಿಲ್ಲಿಸಿದೆ. ಅಡುಗೆಮನೆಯಲ್ಲಿ ಚಿಕ್ಕಮ್ಮ ಮುದ್ದೆ ತಿರುವುವ ಸದ್ದು ಕೇಳುತ್ತಿತ್ತು.

ನಾನು ಪಿ.ಯು.ಸಿ. ಪರೀಕ್ಷೆಯ ನಡುವೆ ಇದ್ದಾಗ ಅವನಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಿದರು. ಆಟೋ ಹತ್ತುವ ಮುಂಚೆ ಅಪ್ಪನ ಹೆಗಲು ಹಿಡಿದು ನಿಂತು, ತಾನು ಬರುವ ತನಕ ಆಟ ಮುಂದಕ್ಕೆ ಒಯ್ಯಬಾರದೆಂದೂ ಮೊದಲು ಚೆನ್ನಾಗಿ ಪರೀಕ್ಷೆ ಬರೆಯಬೇಕೆಂದೂ ನನಗೆ ಹೇಳಿದ. ತಲೆಯಾಡಿಸಿದೆ. ಬಂದ ಮೇಲೆ ತಂಗಿ ಸಿಕ್ಕಿದಳೆಂದು ಹೇಳಿಬಿಡಬೇಕು, ಎಲ್ಲಿ ಹೇಗೆ ಎಂದು ಚೆನ್ನಾಗಿ ಕಟ್ಟಿ ಹೇಳಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಅವನು ಬರಲಿಲ್ಲ. ಕೊನೆಯ ಪರೀಕ್ಷೆ ಬರೆದು ಮನೆಗೆ ಬರುವಾಗ ಬೀದಿಯ ತುದಿಯಿಂದಲೇ ಮನೆ ಮುಂದೆ ಸೌದೆಯ ಹೊಗೆ ಕಂಡಿತು. ವ್ಯಾನಿನ ಡ್ರೈವರಣ್ಣ ಗಾಡಿ ನಿಲ್ಲಿಸಿ, ಇಳಿಯಮ್ಮ ಎಂದು ಮೆಲ್ಲಗೆ ಹೇಳಿದ.

ಆಮೇಲಿನದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ಕಥೆ. ತಾತ ಹೋದರು, ಮನೆ ಪಾಲಾಯಿತು, ಹೆಂಚಿನ ಮನೆ ಹೋಗಿ ನಾಲ್ಕಂತಸ್ತಿನ ಕಟ್ಟಡ ಬಂತು. ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಬಾಡಿಗೆಯವರ ಬೈಕುಗಳು ನಿಲ್ಲುತ್ತವೆ. ಮೊದಲನೆಯ ಮಹಡಿಯ ಒಂದು ಸಣ್ಣ ಮನೆಯಲ್ಲಿ ಚಿಕ್ಕಮ್ಮ ಉಳಿದುಕೊಂಡಳು. ನಾನು ಬೊಮ್ಮಸಂದ್ರದ ಔಷಧ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಆ ಭಾನುವಾರ ಚೀಲ ತೆರೆದ ಮೇಲೆ, ಹಳೆಯ ಗೇಮ್ ಪೆಟ್ಟಿಗೆಯೊಂದನ್ನು ಹುಡುಕಿ ತಂದೆ. ನಮ್ಮ ಆಟವನ್ನು ಮೊದಲಿನಿಂದ ಶುರುಮಾಡಿದೆ. ರಜೆಯ ದಿನಗಳಲ್ಲಿ, ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿರುವಾಗ, ಒಬ್ಬಳೇ ಕೂತು ಎಲ್ಲರನ್ನೂ ಮಾತಾಡಿಸುತ್ತಾ ಆಡಿದೆ. ಈಗ ಪ್ರತಿ ಪದವೂ ಅರ್ಥವಾಗುತ್ತಿತ್ತು. ಅರ್ಥವಾದಷ್ಟೂ ಆಟ ಬಡವಾಗುತ್ತಾ ಹೋಯಿತು. ಬಾವಿಯ ಹೆಂಗಸು ಹೇಳುತ್ತಿದ್ದದ್ದು ಹವಾಮಾನದ ಮಾತು. ಸಂತೆಯ ವ್ಯಾಪಾರಿಗೆ ಕತ್ತಿ ಮಾರುವುದಷ್ಟೇ ಬೇಕಿತ್ತು. ಕೊನೆಯಲ್ಲಿ ಕೆಂಪ ತನ್ನ ಊರು ತಲುಪುತ್ತಾನೆ. ಅದು ಸುಟ್ಟು ಕರಕಲಾಗಿದೆ. ಕಾಯುತ್ತಿರುವವರು ಯಾರೂ ಇಲ್ಲ. ಗಾಳಿಯ ಸದ್ದಿನಲ್ಲಿ ಪರದೆ ನಿಧಾನವಾಗಿ ಕಪ್ಪಾಗುತ್ತದೆ. ಇದನ್ನು ಅವನಿಗೆ ನಾನು ಹೇಗೆ ಹೇಳುತ್ತಿದ್ದೆ?

ಅದಾದ ಸ್ವಲ್ಪ ದಿನಕ್ಕೆ ಚಿಕ್ಕಮ್ಮ ಹುರಳಿಕಾಳು, ಉಪ್ಪಿನಕಾಯಿ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಟೀವಿಯಲ್ಲಿ ಆಟ ಹಾಗೇ ನಿಂತಿತ್ತು. ಆರಿಸಲು ಎದ್ದೆ. ಅವಳು ಕೈ ಅಡ್ಡ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಪರದೆಯ ಹತ್ತಿರ ಹೋಗಿ ನಿಂತಳು.

“ಕೆಂಪು ಶಾಲು ಹೊದ್ಕೊಂಡವ್ನೆ. ಇವ್ನೇ ಅಲ್ವಾ ಕೆಂಪ?”

ನಿನಗೆ ಹೇಗೆ ಗೊತ್ತು ಎಂದೆ. ಆಸ್ಪತ್ರೆಯಲ್ಲಿ ನಿಮ್ಮ ಚಿಕ್ಕಪ್ಪ ಹೇಳುತ್ತಿದ್ದರು ಎಂದಳು. ಮೊದಲ ದಿನ ಇವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅಳುತ್ತಿದ್ದಳಂತೆ. ಅಳು ನಿಲ್ಲಿಸಲು ಅವನು ಈ ಕಥೆ ಶುರುಮಾಡಿದನಂತೆ. ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪ. ಬಾವಿ, ಸಂತೆ, ಮುಳ್ಳು, ದೋಣಿಯ ಮುದುಕ, ಒಂದೂ ಬಿಡದೆ. ಇಂಥ ಹೊತ್ತಿನಲ್ಲಿ ಇದೆಂಥ ಕಥೆ ಎಂದು ಮೊದಲು ಸಿಟ್ಟು ಬಂದಿತ್ತಂತೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ತಾನೇ ಕೇಳತೊಡಗಿದ್ದಳಂತೆ. ಮದುವೆಯಾದಾಗಿನಿಂದ ಅವರು ತನ್ನ ಹತ್ತಿರ ಅಷ್ಟು ಮಾತಾಡಿದ್ದೇ ಇಲ್ಲ ಎಂದಳು.

ಕೊನೆಗೆ ಏನಾಯಿತೆಂದು ಹೇಳಿದ ಎಂದು ಕೇಳಿದೆ.

ಚಿಕ್ಕಮ್ಮ ಸೋಫಾದ ಅಂಚಿಗೆ ಕೂತಳು.

“ಸಿಕ್ಕಿದ್ಲಂತೆ. ಊರೆಲ್ಲ ಅಲೆದು ಅಲೆದು ಕೆಂಪ ಸುಸ್ತಾಗಿ ಮನೆಗ್ ಬತ್ತಾನಂತೆ. ಬಂದು ನೋಡುದ್ರೆ ಅವ್ಳು ಒಲೆ ಮುಂದೆ ಕೂತವ್ಳಂತೆ. ಅವ್ಳು ಎಲ್ಲೂ ಓಗಿರ್ನಿಲ್ವಂತೆ ಕಣೇ. ಇವ್ನು ಬರ್ಲಿ ಅಂತ ಮನೇಲೇ ಇದ್ಲಂತೆ.”

ಹೇಳಿ ಮುಗಿಸಿ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಮಾರನೇ ದಿನ ಅವನಿಗೆ ಮಾತು ನಿಂತಿತಂತೆ. ಇದನ್ನೆಲ್ಲ ನಾನೇ ಓದಿ ಹೇಳಿದ್ದೆಂದು, ರೂಪಿ ಚೆನ್ನಾಗಿ ಓದುತ್ತಾಳೆಂದು ಅವನು ವಾರ್ಡಿನ ನರ್ಸಿಗೂ ಹೇಳಿದ್ದನಂತೆ. ನಿಜವಾದ ಆಟ ಹೇಗೆ ಮುಗಿಯುತ್ತದೆಂದು ಚಿಕ್ಕಮ್ಮ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಮಧ್ಯಾಹ್ನ ನಾವಿಬ್ಬರೂ ಹುರಳಿಸಾರು ಮಾಡಿಕೊಂಡು ಉಂಡೆವು. ಸಂಜೆಯ ಶಿಫ್ಟು ಬಿಡುವ ಮುಂಚೆ ಬಸ್ಸು ಖಾಲಿ ಇರುತ್ತದೆಂದು ಅವಳು ಬೇಗ ಹೊರಟಳು.

ಚೀಲದಲ್ಲಿ ಕವರು ಬಿಚ್ಚದ ಆಟಗಳು ಇನ್ನೂ ಇವೆ. ಹಿಮದಲ್ಲಿ ದೀಪ ಹಿಡಿದ ಮುದುಕಿ ಯಾರಿಗಾಗಿ ನಿಂತಿದ್ದಾಳೋ ನನಗೆ ಗೊತ್ತಿಲ್ಲ. ಒಮ್ಮೊಮ್ಮೆ ಕೈಗೆ ತೆಗೆದುಕೊಂಡು ಚಿತ್ರ ನೋಡಿ ವಾಪಸ್ಸು ಇಡುತ್ತೇನೆ. ಹೋದ ವರ್ಷ ಚಿಕ್ಕಮ್ಮನೂ ತೀರಿಕೊಂಡಳು. ಕೆಂಪನಿಗೊಬ್ಬ ತಂಗಿ ಇದ್ದಳು, ಅವಳು ಎಲ್ಲಿಗೂ ಹೋಗಿರಲಿಲ್ಲ ಎಂದು ಬಲ್ಲವಳು ಈ ಲೋಕದಲ್ಲಿ ನಾನೊಬ್ಬಳೇ ಉಳಿದಿದ್ದೆ. ಈಗ ನಿಮಗೂ ಹೇಳಿದ್ದೇನೆ.