ಹೆತ್ತೂರಿನ ಕೊಳದಲ್ಲಿ ತೇಲಿದ ಕಾಲುಗಳು

ಹೆತ್ತೂರಿನ ಎಸ್ಟೇಟ್ ಹೋಂಸ್ಟೇಯ ಈಜುಕೊಳದಲ್ಲಿ ಇವತ್ತು ನನ್ನ ಮೊದಲ ಸ್ಕೂಬಾ ಪಾಠ. ಇಲ್ಲಿ ಸರಿಹೋದರೆ ಮಾತ್ರ ಸಮುದ್ರ ಎಂದು ತರಬೇತುದಾರರು ಮೊದಲೇ ಹೇಳಿದ್ದರು. ವೀಲ್‌ಚೇರಿನಿಂದ ನನ್ನನ್ನೆತ್ತಿ ನೀರಿಗಿಳಿಸಿದರು. ಉಸಿರಿನ ಕೊಳವೆ ಕಚ್ಚಿ ಮುಳುಗಿದ್ದೇ ತಡ, ವರ್ಷಗಳಿಂದ ಅಲುಗಾಡದ ನನ್ನ ಕಾಲುಗಳು ತಾವಾಗಿಯೇ ಮೇಲೆದ್ದು ನನ್ನನ್ನು ತಲೆಕೆಳಗು ಮಾಡಿದವು! ಮತ್ತೆ ಮತ್ತೆ ಹಾಗೇ ಆಯಿತು.

“ಕಾಲಿಗೆ ಭಾರ ಕಟ್ಬೇಕಿತ್ತು, ನಾನು ತಂದೇ ಇಲ್ಲ. ಹೀಗಾದ್ರೆ ಸಮುದ್ರ ಬೇಡ,” ಎಂದು ತರಬೇತುದಾರರು ಪೆಚ್ಚಾದರು.

ಮನೆಯೊಡತಿ ಸರೋಜಕ್ಕ ಸ್ಟೋರಿನಿಂದ ಮೆಣಸು ತೂಗುವ ಬಟ್ಟುಗಳನ್ನು ತಂದು, ಗಂಡನ ಕಾಲುಚೀಲಗಳಿಗೆ ತುಂಬಿದರು. ಅವನ್ನು ನನ್ನ ಕಣಕಾಲಿಗೆ ಬಿಗಿಯುತ್ತ, “ಅರ್ಧ ಕೇಜಿ ಸಾಕೇನ್ರೀ? ಜಾಸ್ತಿ ಆಗಿ ಇವ್ಳು ತಳದಲ್ಲೇ ಕೂತ್ಬುಟ್ರೆ ನನ್ ಕಡುಬು ಯಾರು ತಿನ್ನೋದು, ಮಾರಾಯ್ರೆ?” ಎಂದು ತರಬೇತುದಾರರನ್ನು ಕೇಳಿದರು.

ಈ ಸಲ ಕಾಲುಗಳು ದೇಹದ ನೇರಕ್ಕೆ ನಿಂತವು. ಕೈಯಿಂದ ನೀರು ಸರಿಸುತ್ತ, ನೀಲಿ ಹೆಂಚುಗಳಿಗೆ ಒಂದು ಗೇಣು ಮೇಲೆ, ಕೊಳದ ಆ ತುದಿಯವರೆಗೆ ಹೋದೆ. ಹಿಂದಿನಿಂದ ಯಾರೂ ತಳ್ಳುತ್ತಿರಲಿಲ್ಲ.

ತಲೆ ಎತ್ತಿದಾಗ ತರಬೇತುದಾರರು, “ಸಮುದ್ರಕ್ಕೆ ಯಾವಾಗ ಹೊರಡೋಣ?” ಎಂದು ಕೂಗಿದರು. ಉತ್ತರಿಸಲು ಬಾಯಿಂದ ಕೊಳವೆ ತೆಗೆಯಬೇಕಿತ್ತು. ತೆಗೆಯದೆ ಮತ್ತೆ ಮುಳುಗಿದೆ.