ಕೈಗೆ ತಿಳಿಯದ ಬಿಸಿ

ಹಾಲು ಕುಡಿಯುವವರು ಕೆನೆ ಬೇಕು, ಬೇಡ ಎಂದು ಜಗಳವಾಡುತ್ತಾರೆಯೇ ಹೊರತು ಕರೆದವರ ಕೈಯನ್ನು ನೆನೆಯುವುದಿಲ್ಲ. ಹಾಗಾಗಿ ಹಾಲಿನ ದಿನಾಚರಣೆಗೆ ಡೇರಿಯವರು ಒಂದು ಜೊತೆ ಕೈಗಳ ಫೋಟೊ ತೆಗೆದು ಗೋಡೆಗೆ ಹಾಕಿದಾಗ ಬೀದಿಗೆ ಬೀದಿಯೇ ಹಿಗ್ಗಿತು. ಅವು ಆ ಬೀದಿಯಲ್ಲಿ ಹಾಲು ಕರೆಯುವುದಕ್ಕೆ ಹೆಸರಾದ ಹಾಲಕ್ಕನ ಕೈಗಳು. ಫೋಟೊ ತೆಗೆಯುವ ಹೊತ್ತಿಗಾಗಲೇ ಅವು ಮರಗಟ್ಟಿದ್ದವು. ಅದು ತನಗೊಬ್ಬಳಿಗೇ ಗೊತ್ತು ಎಂದು ಅವಳು ನಂಬಿದ್ದಳು.

ಕರೆದು ಕರೆದು ಬೆರಳ ನರ ಸತ್ತಿತ್ತು. ಹಿಂಡುವ ಬಲವಿತ್ತು, ಮುಟ್ಟಿದ್ದು ಮಾತ್ರ ತಿಳಿಯುತ್ತಿರಲಿಲ್ಲ. ಮೊದಲಿನಿಂದಲೂ ಹಾಲಕ್ಕ ಅಡುಗೆ ಮಾಡಿದರೆ ಬರೀ ಉಪ್ಪು, ಹೊಲಿಯಲು ಕೂತರೆ ಬಟ್ಟೆಗಿಂತ ಬೆರಳಿಗೇ ಹೆಚ್ಚು ಸೂಜಿ. ಕೊಟ್ಟಿಗೆಯಲ್ಲಿ ಮಾತ್ರ ಅವಳು ರಾಣಿ. ಅದೂ ಕೈತಪ್ಪಿದರೆ ತಾನು ಮೂಲೆಗೆ ಬಿದ್ದ ಮುದುಕಿ ಎಂಬ ಭಯಕ್ಕೆ ಬಾಯಿ ಹೊಲಿದುಕೊಂಡಳು.

ಮೊದಲ ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ, ಹಾಲಲ್ಲಿ ಗಂಟುಗಂಟಾದ ಗರಣೆ ಇದೆಯೇ ನೋಡಬೇಕೆಂದು ದನದ ಡಾಕ್ಟರು ಎಲ್ಲರಿಗೂ ಹೇಳಿದ್ದರು. "ಕೆಚ್ಚಲು ಬಿಸಿಯಾದ್ರೆ ನನ್ನ ಕೈಯೇ ಹೇಳುತ್ತೆ, ತಟ್ಟೆ ಊಟಕ್ಕಿರ್ಲಿ ಬಿಡಿ" ಎಂದು ಹಾಲಕ್ಕ ಆಗ ಎಲ್ಲರನ್ನೂ ನಗಿಸಿದ್ದಳು. ಈಗ ತಟ್ಟೆ ಹಿಡಿದರೆ ಸೊಸೆ ಯಾಕೆಂದು ಕೇಳುತ್ತಾಳೆ. ಹಿಡಿಯಲಿಲ್ಲ.

ಕೆಂಪು ಹಸುವಿಗೆ ಕೆಚ್ಚಲು ಬಾವು ಬಂದದ್ದು ಹೀಗೆ ತಿಳಿಯದೇ ಹೋಯಿತು. ಅದು ಒದೆಯಿತು. "ಏನೇ ನಿನ್ನ ಕೊಬ್ಬು!" ಎಂದು ಗದರಿ ಕರೆದಳು. ಬೀದಿಯವರೆಲ್ಲರ ಹಾಲು ಸೇರುವ ಡೇರಿಯ ದೊಡ್ಡ ಕ್ಯಾನಿಗೆ ಸುರಿದಳು. ಹಾಲಕ್ಕನ ಹಾಲನ್ನು ಅಲ್ಲಿ ಯಾರೂ ಪರೀಕ್ಷಿಸುತ್ತಿರಲಿಲ್ಲ. ಆಮೇಲೆ ಡೇರಿಯವರು ಕ್ಯಾನಿನ ಹಾಲನ್ನು ತುಸು ಕಾಯಿಸಿ ನೋಡಿದರೆ ಒಡೆಯಿತು. ಗರಣೆ ಅಂಟಿದ್ದು ಹಾಲಕ್ಕನ ಪಾತ್ರೆಯ ತಳದಲ್ಲಿ. ಅಷ್ಟೂ ಮನೆಗಳ ಹಾಲು ಚರಂಡಿ ಪಾಲಾಯಿತು. ಅದನ್ನು ಕರೆದು ತಂದ ಹೆಂಗಸರು ಖಾಲಿ ಪಾತ್ರೆ ಎತ್ತಿಕೊಂಡು ಮನೆಗೆ ಹೊರಟರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಡಾಕ್ಟರು ಬಂದು ಕೆಚ್ಚಲು ಒತ್ತಿ ನೋಡಿದರು. "ಕಲ್ಲಾಗಿದೆ. ಇನ್ನು ಇದು ಹಾಲು ಕೊಡಲ್ಲಮ್ಮ. ಮೊದಲೇ ತಿಳಿದಿದ್ರೆ ಉಳಿಸಬಹುದಿತ್ತು."

ಅವರು ಹೋದ ಮೇಲೆ ಹಾಲಕ್ಕ ಸೊಸೆಗೆ ಹೇಳಿಯೇಬಿಟ್ಟಳು. "ನನ್ನ ಕೈಗೆ ಏನೂ ತಿಳಿಯಲ್ಲ ಕಣೇ. ತುಂಬಾ ದಿನ ಆಯ್ತು."

ಸೊಸೆ ತಲೆ ಎತ್ತಲಿಲ್ಲ. "ಗೊತ್ತಿತ್ತು ಅತ್ತೆ. ಒಲೆ ಮೇಲಿನ ಪಾತ್ರೆನ ಬರಿಗೈಲಿ ಇಳಿಸ್ತಿದ್ರಲ್ಲ."

"ಮತ್ತೆ ಬಾಯಿ ಬಿಡೋಕೆ ನಿಂಗೇನಾಗಿತ್ತೇ?"

"ಬಿಟ್ಟಿದ್ರೆ, ನಿಮಗೆ ಅಂತ ಇನ್ನೇನು ಉಳೀತಿತ್ತು?"

ಹಾಲಕ್ಕನಿಗೆ ಸಿಟ್ಟು ಮಾಡಲು ಎದುರಿಗೆ ಯಾರೂ ಇರಲಿಲ್ಲ; ಇದ್ದವಳು ತನ್ನ ಮೇಲಿನ ಮರುಕಕ್ಕೇ ಸುಮ್ಮನಿದ್ದವಳು. ಮಾನ ಉಳಿಸಲು ಹೋಗಿ ಅತ್ತೆ ಸೊಸೆ ಇಬ್ಬರೂ ಸೇರಿಯೇ ಹಸುವಿನ ಕೆಚ್ಚಲನ್ನು ಕಳೆದಿದ್ದರು.

ಸಂಜೆ ಸೊಸೆಯೇ ಚೆಂಬು ಹಿಡಿದು ಕೊಟ್ಟಿಗೆಯಲ್ಲಿ ಉಳಿದಿದ್ದ ಇನ್ನೊಂದು ಹಸುವಿನ ಪಕ್ಕ ಕೂತಳು. ಅವಳಿಗೆ ಕರೆದು ಅಭ್ಯಾಸವಿಲ್ಲ. ಕೆಚ್ಚಲ ಮೇಲೆ ಅಂಗೈ ಇಟ್ಟವಳು ಅಲ್ಲೇ ತಡೆದಳು.

"ಅತ್ತೆ, ಇಷ್ಟು ಬಿಸಿ ಇರಬಹುದಾ? ಇದು ಸರಿನಾ, ಜಾಸ್ತಿನಾ?"

ಹಾಲಕ್ಕ ಬಗ್ಗಿ, ಸೊಸೆಯ ಕೈ ಪಕ್ಕದಲ್ಲೇ ತನ್ನ ಕೈ ಇಟ್ಟಳು. ಒತ್ತಿದಳು. ಇನ್ನೂ ಒತ್ತಿದಳು. ಬಿಸಿಯೂ ಇಲ್ಲ, ತಂಪೂ ಇಲ್ಲ. ಸೊಸೆ ಅವಳ ಮುಖವನ್ನೇ ನೋಡುತ್ತ, ಉತ್ತರಕ್ಕೆ ಕಾಯುತ್ತಿದ್ದಳು.